ಸಕ್ಕರೆ ಕಾಯಿಲೆಯೂ ಕೂಲಿ ಕೆಲಸವೂ: ದುಡಿಯುವವರು ತಿಳಿದಿರಬೇಕಾದ ವಿಷಯಗಳು

ಸಕ್ಕರೆ ಕಾಯಿಲೆ ಅಥವಾ ಸಿಹಿಮೂತ್ರ ರೋಗವು ಪಟ್ಟಣದಲ್ಲಿ ಕುಳಿತು ಉಣ್ಣುವವರ ಕಾಯಿಲೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬಹುಕಾಲ ಇತ್ತು. ಈಗ ಆ ಮಾತು ಸಲ್ಲುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ವಯಸ್ಕರಲ್ಲಿ ಇದರ ಪ್ರಮಾಣ ಪಟ್ಟಣಗಳಲ್ಲಿ ಶೇ. 16.4 ಮತ್ತು ಗ್ರಾಮಗಳಲ್ಲಿ ಶೇ. 8.9. ಅಂದರೆ ಹಳ್ಳಿಯ ಸುಮಾರು 11 ಮಂದಿ ವಯಸ್ಕರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ನಾಟಿ ಹಾಕುವ, ಕಬ್ಬು ಕಡಿಯುವ, ಕಾಫಿ ಕೊಯ್ಯುವ, ಟ್ರ್ಯಾಕ್ಟರ್ ಓಡಿಸುವ ಆಳುಗಳ ಗುಂಪಿನಲ್ಲಿಯೂ ಇಂಥವರು ಇದ್ದೇ ಇರುತ್ತಾರೆ.

ಕಾಯಿಲೆ ಇದೆಯೆಂದು ತಿಳಿದ ಕೂಡಲೇ ಕೂಲಿಕಾರರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಔಷಧಿಯದಲ್ಲ, ಕೂಲಿಯದು. "ಇನ್ನು ನನ್ನನ್ನು ಕೆಲಸಕ್ಕೆ ಕರೆಯುತ್ತಾರೆಯೇ?" ಎಂಬ ಅಂಜಿಕೆಯಿಂದ ಅನೇಕರು ಕಾಯಿಲೆಯನ್ನು ಮುಚ್ಚಿಡುತ್ತಾರೆ, ಹೊತ್ತು ಮೀರಿ ಉಣ್ಣುತ್ತಾರೆ, ಕೆಲವರು ಗುಳಿಗೆಯನ್ನೇ ಬಿಡುತ್ತಾರೆ. ಕೊನೆಗೆ ಕೆಲಸ ಕೈಬಿಡುವುದು ಕಾಯಿಲೆಯಿಂದಲ್ಲ, ಹೀಗೆ ಮುಚ್ಚಿಟ್ಟುದರಿಂದ. ಸರಿಯಾದ ಔಷಧೋಪಚಾರ, ಹೊತ್ತಿಗೆ ಸರಿಯಾದ ಊಟ ಮತ್ತು ಕೆಲವು ಮುನ್ನೆಚ್ಚರಿಕೆಗಳಿದ್ದರೆ ಸಕ್ಕರೆ ಕಾಯಿಲೆಯುಳ್ಳವರು ಹೆಚ್ಚಿನ ಎಲ್ಲ ಕೆಲಸಗಳನ್ನೂ ಇತರರಂತೆಯೇ ಮಾಡಬಲ್ಲರು. ಆ ವಿಷಯಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾಯಿಲೆಯ ಸ್ವರೂಪ

ನಾವು ಉಂಡ ಮುದ್ದೆ, ಅನ್ನ, ರೊಟ್ಟಿಗಳು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಈ ಸಕ್ಕರೆ ಮಾಂಸಖಂಡಗಳ ಒಳಹೊಕ್ಕು ಶಕ್ತಿಯಾಗಬೇಕಾದರೆ ಮೇದೋಜೀರಕ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಇನ್ಸುಲಿನ್ ಬೇಕು. ಇನ್ಸುಲಿನ್ ಉತ್ಪತ್ತಿಯೇ ನಿಂತುಹೋಗುವುದು ಒಂದನೆಯ ಬಗೆ; ಇದು ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಹರೆಯದವರಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ಸುಲಿನ್ ಇದ್ದರೂ ಸಾಲದಾಗುವುದು ಅಥವಾ ಸರಿಯಾಗಿ ಕೆಲಸ ಮಾಡದಿರುವುದು ಎರಡನೆಯ ಬಗೆ. ನಮ್ಮಲ್ಲಿ ಬಹುಪಾಲು ರೋಗಿಗಳು ಈ ಬಗೆಯವರು. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ ಅನ್ನು ಬೇರ್ಪಡಿಸುವವರೆಗೆ ಒಂದನೆಯ ಬಗೆಯ ರೋಗಿಗಳು ಬದುಕುಳಿಯುತ್ತಿರಲಿಲ್ಲ. ಇಂದು ಅದೇ ರೋಗಿಗಳು ದುಡಿದು ಸಂಸಾರ ಸಾಗಿಸುತ್ತಿದ್ದಾರೆ.

ಬೆಳಗಿನ ಬರಿಹೊಟ್ಟೆಯಲ್ಲಿ 100 ಮಿ.ಲೀ.ಗೆ 126 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ಸಕ್ಕರೆ ಇದ್ದರೆ, ಇಲ್ಲವೇ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇ. 6.5 ಅಥವಾ ಹೆಚ್ಚು ಬಂದರೆ ಕಾಯಿಲೆ ಇದೆಯೆಂದು ತಿಳಿಯಲಾಗುತ್ತದೆ. ಯಾವ ತೊಂದರೆಯೂ ಕಾಣದವರಲ್ಲಿ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಮೈಮುರಿದು ದುಡಿಯುವವರಿಗೆ ಈ ಕಾಯಿಲೆ ಬರುವುದೇ ಇಲ್ಲ ಎನ್ನುವಂತಿಲ್ಲ. ದುಡಿಮೆಯು ಕಾಯಿಲೆ ಬರುವ ಸಂಭವವನ್ನು ತಗ್ಗಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಮನೆತನದಲ್ಲಿ ಕಾಯಿಲೆ ಇರುವವರು, ಹೊಟ್ಟೆಯ ಸುತ್ತ ಬೊಜ್ಜು ಬಂದವರು ಮತ್ತು ಬಸುರಿಯಾಗಿದ್ದಾಗ ಸಕ್ಕರೆ ಹೆಚ್ಚಿದ್ದ ಹೆಂಗಸರು ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.

ದುಡಿಮೆಯಿಂದ ಸಕ್ಕರೆ ಇಳಿಯುವ ಬಗೆ

ದುಡಿಮೆ ಸಕ್ಕರೆ ಕಾಯಿಲೆಗೆ ಒಳ್ಳೆಯ ಔಷಧಿ. ಮಾಂಸಖಂಡಗಳು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಕೆಲಸ ಮುಗಿದ ಮೇಲೂ ಸುಮಾರು 24 ಗಂಟೆಗಳವರೆಗೆ ಈ ಪರಿಣಾಮ ಉಳಿಯಬಹುದು. ಆದರೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇದೇ ಗುಣವು ಅಪಾಯಕ್ಕೂ ಕಾರಣವಾಗಬಹುದು. ಔಷಧಿ ಒಂದು ಕಡೆಯಿಂದ, ದುಡಿಮೆ ಇನ್ನೊಂದು ಕಡೆಯಿಂದ ಸಕ್ಕರೆಯನ್ನು ಇಳಿಸುತ್ತಿರುವಾಗ ಊಟ ತಪ್ಪಿದರೆ ಸಕ್ಕರೆ ಮಿತಿಮೀರಿ ಇಳಿಯುತ್ತದೆ. 70 ಮಿ.ಗ್ರಾಂ.ಗಿಂತ ಕೆಳಗೆ ಇಳಿದರೆ ಎಚ್ಚರ ವಹಿಸಬೇಕು. 54ಕ್ಕಿಂತ ಕೆಳಗೆ ಇಳಿಯುವುದು ಗಂಡಾಂತರ.

ಎಲ್ಲ ಗುಳಿಗೆಗಳಿಗೂ ಈ ದೋಷವಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹೀಗೆ ಇಳಿಯುವುದು ಅಪರೂಪ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್ ಗುಳಿಗೆಗಳನ್ನು ಮತ್ತು ಇನ್ಸುಲಿನ್ ಅನ್ನು ತೆಗೆದುಕೊಳ್ಳುವವರು ಮಾತ್ರ ಬಹಳ ಎಚ್ಚರದಿಂದಿರಬೇಕು. ಆದುದರಿಂದ ತಾನು ನುಂಗುವ ಗುಳಿಗೆಯ ಹೆಸರನ್ನು ಪ್ರತಿಯೊಬ್ಬ ಕೆಲಸಗಾರನೂ ತಿಳಿದಿರತಕ್ಕದ್ದು. ಓದು ಬಾರದವರು ಗುಳಿಗೆಯ ಖಾಲಿ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡರೆ ಸಾಕು.

ಸಕ್ಕರೆ ಇಳಿದಾಗಿನ ಲಕ್ಷಣಗಳು ಮತ್ತು ಉಪಚಾರ

ಕೈಕಾಲು ನಡುಕ, ತಣ್ಣನೆಯ ಬೆವರು, ಎದೆ ಡವಗುಟ್ಟುವುದು, ತಾಳಲಾರದ ಹಸಿವು, ಕಣ್ಣು ಮಂಜಾಗುವುದು, ಸಿಡುಕು, ತೊದಲು ಮಾತು, ತೂರಾಡುವ ನಡಿಗೆ ಮುಖ್ಯ ಲಕ್ಷಣಗಳು. ಇವನ್ನು ಕಂಡವರು "ಇವನು ಕುಡಿದು ಬಂದಿದ್ದಾನೆ" ಎಂದು ತಿಳಿದು ಮನೆಗೆ ಕಳುಹಿಸುವುದುಂಟು. ಹೀಗೆ ಕಳುಹಿಸಲ್ಪಟ್ಟವನು ದಾರಿಯಲ್ಲಿ ಬಿದ್ದು ಪ್ರಾಣಕ್ಕೆ ಅಪಾಯವಾಗಬಹುದು. ಬದುಕಿ ಬಂದರೂ ಕುಡುಕನೆಂಬ ಹೆಸರಿನಿಂದ ಕೆಲಸ ಹೋಗುತ್ತದೆ.

ಉಪಚಾರ ಬಹಳ ಸುಲಭ:

1. ಕೆಲಸವನ್ನು ಕೂಡಲೇ ನಿಲ್ಲಿಸಿ ನೆರಳಿನಲ್ಲಿ ಕುಳಿತುಕೊಳ್ಳಬೇಕು. ಕುಡುಗೋಲು, ಮಚ್ಚು ಕೈಯಲ್ಲಿದ್ದರೆ ಕೆಳಗಿಡಬೇಕು.
2. ಮೂರರಿಂದ ನಾಲ್ಕು ಚಹಾ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಇದು ಸುಮಾರು 15 ಗ್ರಾಂ ಆಗುತ್ತದೆ. ಏನೂ ಸಿಗದಿದ್ದರೆ ಬೆಲ್ಲವಾದರೂ ಆದೀತು.
3. 15 ನಿಮಿಷ ಕಾಯಬೇಕು. ಗುಣ ಕಾಣದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಬೇಕು.
4. ಚೇತರಿಸಿಕೊಂಡ ಮೇಲೆ ಮುದ್ದೆ, ಅನ್ನ ಅಥವಾ ರೊಟ್ಟಿಯ ಊಟ ಮಾಡಬೇಕು. ಬರೀ ಸಕ್ಕರೆ ನೀರಿನಿಂದ ಬಂದ ಚೇತರಿಕೆ ಬಹಳ ಹೊತ್ತು ನಿಲ್ಲದು.
5. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ಶ್ವಾಸನಾಳಕ್ಕೆ ಹೋಗಿ ಪ್ರಾಣಾಪಾಯವಾಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108 ವಾಹನ ಕರೆಸಬೇಕು.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಗುಳಿಗೆಯನ್ನೂ ಜೊತೆಗೆ ತೆಗೆದುಕೊಳ್ಳುವವರಲ್ಲಿ ಮನೆಯ ಸಕ್ಕರೆ ಬೇಗ ಜೀರ್ಣವಾಗುವುದಿಲ್ಲ. ಅಂಥವರು ಗ್ಲೂಕೋಸ್ ಪುಡಿಯ ಪೊಟ್ಟಣವನ್ನೇ ಇಟ್ಟುಕೊಳ್ಳಬೇಕು. ಗುಳಿಗೆಯಿಂದ ಸಕ್ಕರೆ ಇಳಿದವರಲ್ಲಿ ಕೆಲವು ಗಂಟೆಗಳ ಮೇಲೆ ಅದು ಮತ್ತೆ ಇಳಿಯಬಹುದು. ಆದುದರಿಂದ ಅಂದೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಕೀಟನಾಶಕದ ವಿಷವೋ, ಸಕ್ಕರೆಯ ಇಳಿತವೋ?

ಔಷಧಿ ಸಿಂಪಡಿಸುವ ಆಳುಗಳ ವಿಷಯದಲ್ಲಿ ಈ ಪ್ರಶ್ನೆ ಮುಖ್ಯ. ಕ್ಲೋರ್‌ಪೈರಿಫಾಸ್‌ನಂಥ ಸಾವಯವ ರಂಜಕ ಕೀಟನಾಶಕಗಳ ವಿಷಬಾಧೆಯಲ್ಲಿಯೂ ಬೆವರು, ನಿತ್ರಾಣ, ತಲೆಸುತ್ತು ಕಾಣುತ್ತವೆ. ಆದರೆ ವಿಷಬಾಧೆಯಲ್ಲಿ ಬಾಯಿಯಲ್ಲಿ ಜೊಲ್ಲು, ಕಣ್ಣಿನಲ್ಲಿ ನೀರು, ವಾಂತಿ, ಭೇದಿ, ಉಬ್ಬಸ ಮತ್ತು ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದಾಗುವುದು ಸೇರಿರುತ್ತವೆ. ಇಂಥ ಚಿಹ್ನೆಗಳಿದ್ದರೆ ಬಟ್ಟೆ ಬದಲಾಯಿಸಿ, ಮೈಯನ್ನು ಸಾಬೂನು ನೀರಿನಿಂದ ತೊಳೆದು, ಔಷಧಿಯ ಸೀಸೆ ಅಥವಾ ಅದರ ಚೀಟಿಯೊಂದಿಗೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ರೋಗಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಲ್ಲಿ ತಪ್ಪದೆ ತಿಳಿಸಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು ಒಬ್ಬರೇ ಸಿಂಪರಣೆ ಮಾಡಬಾರದು, ಬರಿಹೊಟ್ಟೆಯಲ್ಲಂತೂ ಕೂಡದು.

ಯಾವ ಕೆಲಸ ಹಿಡಿಯಬಹುದು?

ಕೆಲಸ ಆರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕೆಲಸದ ನಡುವೆ ಸಕ್ಕರೆ ಇಳಿದರೆ ನನಗಾಗಲೀ ಇತರರಿಗಾಗಲೀ ಪ್ರಾಣಾಪಾಯ ಉಂಟೇ? ಊಟಕ್ಕೆ ಗೊತ್ತಾದ ಹೊತ್ತು ಇದೆಯೇ? ನನ್ನ ಕಣ್ಣು, ಪಾದಗಳು ಈ ಕೆಲಸಕ್ಕೆ ತಕ್ಕಷ್ಟು ಆರೋಗ್ಯವಾಗಿವೆಯೇ?

ಕಳೆ ಕೀಳುವುದು, ನಾಟಿ, ಕಾಫಿ ಕೊಯ್ಲು, ಅಡಿಕೆ ಸುಲಿಯುವುದು, ಹೂ ಬಿಡಿಸುವುದು, ನರ್ಸರಿಯಲ್ಲಿ ಕಸಿ ಕಟ್ಟುವುದು, ಹಾಲಿನ ಡೈರಿಯ ಕೆಲಸ, ಅಂಗಡಿ ಮತ್ತು ಗೋದಾಮಿನ ಲೆಕ್ಕ ಬರೆಯುವುದು, ಹೊಲಿಗೆ ಮುಂತಾದ ಕೆಲಸಗಳಿಗೆ ಯಾವ ಅಡ್ಡಿಯೂ ಇಲ್ಲ. ಡೈರಿ ಕೆಲಸಕ್ಕೆ ನಸುಕಿನಲ್ಲೇ ಹೋಗುವವರು ಗುಳಿಗೆ ನುಂಗಿ ಬರಿಹೊಟ್ಟೆಯಲ್ಲಿ ಹೊರಡಬಾರದು. ತಿಂಡಿಯ ಹೊತ್ತಿಗೇ ಗುಳಿಗೆ ತೆಗೆದುಕೊಳ್ಳುವಂತೆ ವೈದ್ಯರಿಂದ ಹೊಂದಿಸಿಕೊಳ್ಳಬೇಕು.

ಟ್ರ್ಯಾಕ್ಟರ್, ಲಾರಿ, ಆಟೋ ಓಡಿಸುವವರು ಹೊರಡುವ ಮುನ್ನ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗುಳಿಗೆ ತೆಗೆದುಕೊಳ್ಳುವವರು 90 ಮಿ.ಗ್ರಾಂ.ಗಿಂತ ಕಡಿಮೆ ಇದ್ದರೆ ತಿಂದು ಹೊರಡಬೇಕು. ದೂರದ ದಾರಿಯಲ್ಲಿ ಎರಡು ಗಂಟೆಗೊಮ್ಮೆ ನಿಲ್ಲಿಸಿ ನೋಡಿಕೊಳ್ಳಬೇಕು. ಲಕ್ಷಣ ಕಂಡೊಡನೆ ವಾಹನವನ್ನು ಬದಿಗೆ ನಿಲ್ಲಿಸಿ ಕೀಲಿ ತೆಗೆಯಬೇಕು.

ಮಲೆನಾಡಿನ ಕೊನೆಗೌಡರು, ತೆಂಗಿನ ಮರ ಹತ್ತುವವರು, ಬಾವಿ ತೋಡುವವರು ಮತ್ತು ಕಬ್ಬಿನ ಗಾಣ, ಒಕ್ಕಣೆ ಯಂತ್ರಗಳಿಗೆ ಬಾಯಿ ಕೊಡುವವರಿಗೆ ಕ್ಷಣದ ತಲೆಸುತ್ತೂ ಪ್ರಾಣಾಂತಿಕವಾಗಬಲ್ಲದು. ಇಂಥವರು ಸಕ್ಕರೆ ಇಳಿಸದ ಬಗೆಯ ಔಷಧಿಗೆ ಬದಲಾಯಿಸಿಕೊಳ್ಳಲು ಸಾಧ್ಯವೇ ಎಂದು ವೈದ್ಯರನ್ನು ಕೇಳಬೇಕು. ಇನ್ಸುಲಿನ್ ಅನಿವಾರ್ಯವಾದವರು ಮರ ಹತ್ತುವುದನ್ನು ಬಿಟ್ಟು ಕೊನೆ ಹಿಡಿಯುವ, ಸುಲಿಯುವ, ಬೇಯಿಸುವ ಕೆಲಸಕ್ಕೆ ಬರುವುದು ಲೇಸು.

ಎ.ಪಿ.ಎಂ.ಸಿ. ಅಂಗಳದಲ್ಲಿ ಮೂಟೆ ಹೊರುವ ಹಮಾಲರು ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಪರದೆಯನ್ನು ತಪ್ಪದೆ ಪರೀಕ್ಷಿಸಿಕೊಳ್ಳಬೇಕು. ಈ ಕಾಯಿಲೆ ಹಳೆಯದಾದಂತೆ ಪರದೆಯ ಮೇಲೆ ಬಲಹೀನವಾದ ಹೊಸ ರಕ್ತನಾಳಗಳು ಬೆಳೆಯಬಹುದು. ಉಸಿರು ಬಿಗಿಹಿಡಿದು ಭಾರ ಎತ್ತಿದಾಗ ಅವು ಒಡೆದು ದೃಷ್ಟಿಯೇ ಹೋಗುವ ಸಂಭವವಿದೆ. ಮೊದಲೇ ಕಂಡುಹಿಡಿದರೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಉಳಿಸಿಕೊಳ್ಳಬಹುದು. ರೇಷ್ಮೆ ಬಿಚ್ಚಣಿಕೆಯಲ್ಲಿ ಬಿಸಿನೀರಿನಲ್ಲಿ ಕೈಯಾಡಿಸುವವರು ಬೆರಳುಗಳ ಸ್ಪರ್ಶ ಮಂದವಾಗಿದೆಯೇ ಎಂದು ನೋಡಿಕೊಳ್ಳಬೇಕು. ಸ್ಪರ್ಶವಿಲ್ಲದ ಬೆರಳಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಹೇಳಬೇಕೇ, ಮುಚ್ಚಿಡಬೇಕೇ?

ಇದು ಎಲ್ಲರನ್ನೂ ಕಾಡುವ ಪ್ರಶ್ನೆ. ಹೇಳಿದರೆ ನಾಳೆಯಿಂದ ಕರೆಯಲಿಕ್ಕಿಲ್ಲ ಎಂಬ ಭಯ ಸುಳ್ಳೆನ್ನಲಾಗದು. ಆದರೂ ಸಕ್ಕರೆ ಇಳಿಸುವ ಔಷಧಿ ತೆಗೆದುಕೊಳ್ಳುವವರು ಜೊತೆಯಲ್ಲಿ ದುಡಿಯುವ ಒಬ್ಬರಿಗಾದರೂ ವಿಷಯ ತಿಳಿಸಿರಲೇಬೇಕು. ಗದ್ದೆಯ ಬದುವಿನ ಮೇಲೆ ಕುಸಿದು ಕುಳಿತಾಗ ಸಕ್ಕರೆ ನೀರು ಕೊಡಬೇಕಾದವರು ಅವರೇ. ಮೆಟ್‌ಫಾರ್ಮಿನ್‌ನಂಥ ಗುಳಿಗೆ ಮಾತ್ರ ತೆಗೆದುಕೊಳ್ಳುವವರು ಹೇಳುವುದು ಬಿಡುವುದು ಅವರವರ ಇಚ್ಛೆ.

ಮಾಲೀಕರಿಗೆ ಅಥವಾ ಮೇಸ್ತ್ರಿಗೆ ಹೇಳುವಾಗ ಕಾಯಿಲೆಯ ಕಥೆಯನ್ನೆಲ್ಲ ಹೇಳಬೇಕಾಗಿಲ್ಲ. ಬೇಕಾದುದನ್ನು ಮಾತ್ರ ನೇರವಾಗಿ ಹೇಳಿದರೆ ಸಾಕು. ಉದಾಹರಣೆಗೆ: "ಗೌಡ್ರೇ, ನನಗೆ ಸಕ್ಕರೆ ಕಾಯಿಲೆ ಅದೆ, ಮಾತ್ರೆ ತಗೋತಾ ಇದೀನಿ. ಕೆಲಸಕ್ಕೆ ಏನೂ ಕಮ್ಮಿ ಮಾಡಲ್ಲ. ಒಂದು ಗಂಟೆಗೆ ಊಟ ಮಾತ್ರ ತಪ್ಪಬಾರದು. ಯಾವತ್ತಾದ್ರೂ ಬೆವರಿ ತೊದಲಿದ್ರೆ ಸಕ್ಕರೆ ನೀರು ಕೊಡಿ, ಕಾಲು ಗಂಟೇಲಿ ಸರಿ ಹೋಗ್ತೀನಿ." ಹೀಗೆ ಹೇಳುವುದರಿಂದ ಕೇಳುವವರಿಗೆ ಮೂರು ವಿಷಯ ತಿಳಿಯುತ್ತದೆ: ಕೆಲಸ ನಿಲ್ಲುವುದಿಲ್ಲ, ಬೇಕಾದುದು ಬಹಳ ಸಣ್ಣದು, ತೊಂದರೆ ಬಂದರೆ ಮಾಡಬೇಕಾದುದು ಸುಲಭ. ಹೇಳಲು ಸರಿಯಾದ ಸಮಯ ಚೆನ್ನಾಗಿ ಕೆಲಸ ಮಾಡಿ ತೋರಿಸಿದ ಮೊದಲ ಒಂದೆರಡು ದಿನಗಳೊಳಗೆ, ಬಿದ್ದ ಮೇಲಲ್ಲ. ಆ ಒಂದೆರಡು ದಿನವೂ ಜೊತೆಯವರೊಬ್ಬರಿಗೆ ತಿಳಿದಿರಬೇಕು.

ಜೇಬಿನಲ್ಲಿ ಅಥವಾ ಸೆರಗಿನ ಗಂಟಿನಲ್ಲಿ ಈ ಕೆಳಗಿನಂತೆ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟುಕೊಳ್ಳಬೇಕು:

"ನನಗೆ ಸಕ್ಕರೆ ಕಾಯಿಲೆ ಇದೆ. ನಾನು ಕುಡಿದಿಲ್ಲ. ಎಚ್ಚರವಿದ್ದರೆ ಸಕ್ಕರೆ ನೀರು ಕೊಡಿ. ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಸೇರಿಸಿ. ನನ್ನ ಔಷಧಿ: ______. ಮನೆಯವರ ಫೋನು: ______."

ದಿನಗೂಲಿ ಮತ್ತು ಗುತ್ತಿಗೆ ಕೆಲಸ

ದಿನಗೂಲಿಯಲ್ಲಿ ಊಟದ ಹೊತ್ತು ಗೊತ್ತಾಗಿರುತ್ತದೆ. ಗುತ್ತಿಗೆಯಲ್ಲಿ ಹಾಗಲ್ಲ. ಎಕರೆ ಲೆಕ್ಕದಲ್ಲಿ ನಾಟಿ, ಟನ್ ಲೆಕ್ಕದಲ್ಲಿ ಕಬ್ಬು ಕಟಾವು, ಕಿಲೋ ಲೆಕ್ಕದಲ್ಲಿ ಕಾಫಿ ಕೊಯ್ಲು ಮಾಡುವಾಗ "ಇನ್ನೊಂದು ಸಾಲು ಮುಗಿಸಿ ಉಂಡರಾಯಿತು" ಎಂದು ಊಟ ಮುಂದಕ್ಕೆ ಹೋಗುತ್ತದೆ. ಸಕ್ಕರೆ ಇಳಿಯುವುದು ಬಹುಮಟ್ಟಿಗೆ ಈ ಇನ್ನೊಂದು ಸಾಲಿನಲ್ಲಿಯೇ. ಗುತ್ತಿಗೆ ಗುಂಪಿನಲ್ಲಿರುವವರು ಗುಂಪಿನ ಊಟದ ಗಂಟೆಯನ್ನು ಬೆಳಿಗ್ಗೆಯೇ ಗೊತ್ತುಮಾಡಿಕೊಳ್ಳಬೇಕು. ಸುಗ್ಗಿಯ ಮೊದಲ ವಾರ ದುಡಿಮೆ ಒಮ್ಮೆಲೇ ಹೆಚ್ಚುವುದರಿಂದ ಆಗಲೇ ಸಕ್ಕರೆ ಇಳಿಯುವ ಸಂಭವ ಹೆಚ್ಚು. ಸುಗ್ಗಿಗೆ ಮುನ್ನ ವೈದ್ಯರನ್ನು ಕಂಡು ಔಷಧಿಯ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು; ಕೆಲಸವಿಲ್ಲದ ದಿನಗಳಿಗೆ ಬೇರೆ ಪ್ರಮಾಣ ಬೇಕೇ ಎಂದೂ ಕೇಳಬೇಕು. ತಾವಾಗಿ ಹೆಚ್ಚು ಕಡಿಮೆ ಮಾಡಬಾರದು.

ಕಬ್ಬು ಕಟಾವಿಗೆ ಅಥವಾ ಕಟ್ಟಡ ಕೆಲಸಕ್ಕೆ ತಿಂಗಳುಗಟ್ಟಲೆ ಊರು ಬಿಟ್ಟು ಹೋಗುವವರು ಸಾಧ್ಯವಾದಷ್ಟು ದಿನಗಳ ಔಷಧಿಯನ್ನೂ ವೈದ್ಯರ ಚೀಟಿಯನ್ನೂ ಜೊತೆಗೊಯ್ಯಬೇಕು. ಹೋದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲಿದೆಯೆಂದು ಮೊದಲ ದಿನವೇ ವಿಚಾರಿಸಬೇಕು.

ಬುತ್ತಿ, ನೀರು ಮತ್ತು ಔಷಧಿಯ ವೇಳೆ

ರಾಗಿ ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ರಾಗಿಯಲ್ಲಿ ನಾರು ಹೆಚ್ಚು, ಆದರೆ ಅದೂ ಪಿಷ್ಟವೇ. ಮುದ್ದೆಯ ಗಾತ್ರವೇ ಮುಖ್ಯ. ದೊಡ್ಡ ಮುದ್ದೆಗೆ ತೆಳುಸಾರು ಎನ್ನುವ ಬದಲು ಹದವಾದ ಮುದ್ದೆಗೆ ಕಾಳು, ಸೊಪ್ಪು, ಮೊಟ್ಟೆ ಅಥವಾ ಮಜ್ಜಿಗೆ ಸೇರಿದರೆ ಸಕ್ಕರೆ ನಿಧಾನವಾಗಿ ಏರಿ ಹೆಚ್ಚು ಹೊತ್ತು ಶಕ್ತಿ ಕೊಡುತ್ತದೆ. ಸಕ್ಕರೆಗೆ ಬದಲು ಬೆಲ್ಲ ಹಾಕಿದ ಕಾಫಿಯಿಂದ ಲಾಭವಿಲ್ಲ; ಎರಡೂ ರಕ್ತದ ಸಕ್ಕರೆಯನ್ನು ಏರಿಸುತ್ತವೆ. ಕೆಲಸದ ಸ್ಥಳದಲ್ಲಿ ಎಲ್ಲರಿಗೂ ಸಿಹಿ ಚಹಾ ಬಂದಾಗ ಸಕ್ಕರೆಯಿಲ್ಲದ್ದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಊಟಗಳ ನಡುವೆ ನಾಲ್ಕೈದು ಗಂಟೆ ಕಠಿಣ ಕೆಲಸವಿದ್ದರೆ ಒಂದು ಹಿಡಿ ಹುರಿಗಡಲೆ ಅಥವಾ ಕಡಲೆಕಾಯಿ ಜೊತೆಗಿರಲಿ.

ಬಿಸಿಲಿನಲ್ಲಿ ನೀರು ಕಡಿಮೆಯಾದರೆ ರಕ್ತದ ಸಕ್ಕರೆ ಏರುತ್ತದೆ. ಡಾಪಾಗ್ಲಿಫ್ಲೋಜಿನ್‌ನಂಥ ಗುಳಿಗೆಗಳು ಮೂತ್ರವನ್ನು ಹೆಚ್ಚಿಸುವುದರಿಂದ ಅವನ್ನು ತೆಗೆದುಕೊಳ್ಳುವವರು ಇನ್ನೂ ಹೆಚ್ಚು ನೀರು ಕುಡಿಯಬೇಕು. ಮರೆಯಿಲ್ಲದ ಬಯಲಿನಲ್ಲಿ ದುಡಿಯುವ ಹೆಂಗಸರು ಮೂತ್ರಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದಿರುವುದುಂಟು. ಸಕ್ಕರೆ ಕಾಯಿಲೆಯವರಿಗೆ ಮೂತ್ರದ ಸೋಂಕು ಬೇಗ ತಗಲುವುದರಿಂದ ಇದು ಬಹಳ ಕೆಡುಕು. ಹೊಲದ ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ಗೋಣಿಯ ಮರೆ ಕಟ್ಟಿಕೊಡುವುದು ಯಾವ ರೈತನಿಗೂ ಭಾರವಲ್ಲ.

ಕೆಲಸದ ದಿನ ಏಕಾದಶಿ, ಶಿವರಾತ್ರಿ, ರಂಜಾನ್ ಮುಂತಾದ ಉಪವಾಸ ಹಿಡಿಯುವವರು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ದುಡಿದ ದಿನ ಸಂಜೆ ಬರಿಹೊಟ್ಟೆಯಲ್ಲಿ ಮದ್ಯ ಕುಡಿದರೆ ರಾತ್ರಿ ನಿದ್ದೆಯಲ್ಲಿಯೇ ಸಕ್ಕರೆ ಇಳಿದು ಪ್ರಾಣಾಪಾಯವಾಗಬಹುದು.

ಪಾದಗಳ ರಕ್ಷಣೆ

ಕೂಲಿಕಾರರು ಶಾಶ್ವತವಾಗಿ ಕೆಲಸ ಕಳೆದುಕೊಳ್ಳಲು ಒಂದು ಮುಖ್ಯ ಕಾರಣ ಪಾದದ ಹುಣ್ಣು. ವರ್ಷಗಳು ಕಳೆದಂತೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ, ರಕ್ತ ಸಂಚಾರ ಕುಂಠಿತವಾಗುತ್ತದೆ. ಕಬ್ಬಿನ ಕೂಳೆ ಚುಚ್ಚಿದರೂ ನೋವಾಗುವುದಿಲ್ಲ. ನೋವಿಲ್ಲದ ಗಾಯವನ್ನು ಯಾರೂ ಗಮನಿಸುವುದಿಲ್ಲ. ಅದೇ ಕೊಳೆತು ಕಾಲು ಕತ್ತರಿಸುವ ಹಂತಕ್ಕೆ ಹೋಗುತ್ತದೆ.

1. ಹೊಲದಲ್ಲಿ ಬರಿಗಾಲಿನಲ್ಲಿ ನಡೆಯಬಾರದು. ಮುಂಭಾಗ ಮುಚ್ಚಿದ, ಬೆರಳು ಒತ್ತದ ಪಾದರಕ್ಷೆ ಧರಿಸಬೇಕು.
2. ಗಂಬೂಟು ಹಾಕುವ ಮುನ್ನ ಒಳಗೆ ಕೈಹಾಕಿ ಕಲ್ಲು, ಮುಳ್ಳು ಇದೆಯೇ ಎಂದು ನೋಡಬೇಕು; ಹತ್ತಿಯ ಕಾಲುಚೀಲ ಹಾಕಿಕೊಳ್ಳಬೇಕು.
3. ಕೆಸರಿನಿಂದ ಬಂದೊಡನೆ ಕಾಲು ತೊಳೆದು ಬೆರಳುಗಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಬೇಕು.
4. ದಿನವೂ ರಾತ್ರಿ ಪಾದದ ತಳವನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು ಅಥವಾ ಮನೆಯವರಿಂದ ನೋಡಿಸಬೇಕು.
5. ಆಣಿಯನ್ನು ಬ್ಲೇಡಿನಿಂದ ಕೆತ್ತಬಾರದು. ಗಾಯಕ್ಕೆ ಸುಣ್ಣ, ಸಗಣಿ, ಬೀಡಿಯ ಬೂದಿ ಹಚ್ಚಬಾರದು. ಕಾಲಿಗೆ ಬಿಸಿ ಇಟ್ಟಿಗೆಯ ಶಾಖ ಕೊಡಬಾರದು.
6. ಗಾಯವಾದ ದಿನವೇ ಅಥವಾ ಮಾರನೆಯ ದಿನ ಆಸ್ಪತ್ರೆಗೆ ತೋರಿಸಬೇಕು. ಒಂದು ದಿನದ ಕೂಲಿ ಉಳಿಸಲು ಹೋಗಿ ವರ್ಷದ ಕೂಲಿ ಕಳೆದುಕೊಳ್ಳಬಾರದು.

ಇನ್ಸುಲಿನ್ ಕಾಪಾಡುವ ವಿಧಾನ

ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೀತದಲ್ಲಿಡಬೇಕು; ಮಂಜುಗಡ್ಡೆಯಾದರೆ ಕೆಡುತ್ತದೆ. ಬಳಸುತ್ತಿರುವ ಸೀಸೆಯನ್ನು 25ರಿಂದ 30 ಡಿಗ್ರಿ ಮೀರದ ತಂಪಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇಡಬಹುದು. ಶೀತಪೆಟ್ಟಿಗೆ ಇಲ್ಲದ ಮನೆಯಲ್ಲಿ ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆಯಿಟ್ಟು, ನಡುವಿನ ಸಂದಿಗೆ ಮರಳು ತುಂಬಿ ನೀರು ಚಿಮುಕಿಸುತ್ತಿದ್ದರೆ, ನೀರು ಆವಿಯಾಗುವಾಗ ಒಳಗಿನ ಮಡಕೆ ತಂಪಾಗಿರುತ್ತದೆ. ಸೀಸೆಗೆ ನೀರು ತಾಗದಂತೆ ಡಬ್ಬಿಯಲ್ಲಿಡಬೇಕು. ಕೆಲಸದ ಸ್ಥಳಕ್ಕೆ ಒಯ್ದಾಗ ಬಿಸಿಲು ಬೀಳುವ ಕಡೆ, ಟ್ರ್ಯಾಕ್ಟರ್ ಎಂಜಿನ್ನಿನ ಬಳಿ ಇಡಬಾರದು. ದುಡಿಯುವ ತೋಳು, ತೊಡೆಗೆ ಚುಚ್ಚಿದರೆ ಔಷಧಿ ಬೇಗ ರಕ್ತಕ್ಕೆ ಸೇರುವುದರಿಂದ ಕೆಲಸದ ದಿನ ಹೊಟ್ಟೆಯ ಭಾಗಕ್ಕೆ ಚುಚ್ಚಿಕೊಳ್ಳುವುದು ಉತ್ತಮ. ಬಳಸಿದ ಸೂಜಿಯನ್ನು ತಿಪ್ಪೆಗೆ ಎಸೆಯಬಾರದು. ಗಟ್ಟಿ ಡಬ್ಬಿಯಲ್ಲಿ ಕೂಡಿಟ್ಟು ಆರೋಗ್ಯ ಕೇಂದ್ರಕ್ಕೆ ಕೊಡಬೇಕು.

ಕಾರ್ಖಾನೆ ಕೆಲಸ ಮತ್ತು ಕಾನೂನಿನ ರಕ್ಷಣೆ

ಸಕ್ಕರೆ ಕಾರ್ಖಾನೆ, ಗಾರ್ಮೆಂಟ್ಸ್ ಮುಂತಾದ ಕಡೆ ಪಾಳಿ ಬದಲಾದಾಗ ಔಷಧಿಯ ವೇಳೆಯೂ ಬದಲಾಗಬೇಕು. ರಾತ್ರಿ ಪಾಳಿ ಮುಗಿಸಿ ಬಂದು ಗುಳಿಗೆ ನುಂಗಿ ಉಣ್ಣದೆ ಮಲಗುವುದು ಅಪಾಯ. ಸಾಧ್ಯವಾದರೆ ಒಂದೇ ಪಾಳಿ ಕೊಡುವಂತೆ ವೈದ್ಯರ ಪತ್ರದೊಡನೆ ಅರ್ಜಿ ಕೊಡಬೇಕು. ಅರ್ಜಿಯ ಪ್ರತಿ ತನ್ನಲ್ಲಿರಬೇಕು.

1948ರ ಕಾಯ್ದೆಯ ಮೂಲಕ ಆರಂಭವಾದ ಇ.ಎಸ್.ಐ. ಯೋಜನೆಗೆ ಒಳಪಟ್ಟ ನೌಕರರಿಗೂ ಅವರ ಕುಟುಂಬದವರಿಗೂ ಔಷಧೋಪಚಾರ ದೊರೆಯುತ್ತದೆ. ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿದ್ದರೆ, ವೈದ್ಯರು ರಜೆ ಬರೆದುಕೊಟ್ಟ ದಿನಗಳಿಗೆ ವೇತನದ ಶೇ. 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಕೆಲವು ದೀರ್ಘಕಾಲದ ಕಾಯಿಲೆಗಳಿಗೆ ಇನ್ನೂ ಹೆಚ್ಚಿನ ಅವಧಿಯ ಸೌಲಭ್ಯವುಂಟು. ತಮ್ಮ ಹೆಸರಿನಲ್ಲಿ ವಂತಿಗೆ ಕಟ್ಟಲಾಗುತ್ತಿದೆಯೇ ಎಂದು ಪ್ರತಿಯೊಬ್ಬರೂ ವಿಚಾರಿಸಿಕೊಳ್ಳಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹೆಸರಿಸಿರುವ 21 ವೈಕಲ್ಯಗಳಲ್ಲಿ ಸಕ್ಕರೆ ಕಾಯಿಲೆ ಸೇರಿಲ್ಲ. ಆದರೆ ಕಾಯಿಲೆಯಿಂದ ದೃಷ್ಟಿ ಮಂದವಾದವರು, ಕಾಲು ಕಳೆದುಕೊಂಡವರು ಆ ಕಾರಣದಿಂದ ಕಾಯ್ದೆಯ ಪ್ರಯೋಜನ ಪಡೆಯಬಹುದು. ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ಸರ್ಕಾರಿ ಹುದ್ದೆಗಳ ಮೀಸಲಾತಿಗೂ ಅರ್ಹರು. ಸರ್ಕಾರಿ ನೌಕರನೊಬ್ಬ ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು ಈ ಕಾಯ್ದೆಯ 20ನೆಯ ಪ್ರಕರಣ ಹೇಳುತ್ತದೆ.

2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಕಾಮಗಾರಿಯ ಸ್ಥಳದಲ್ಲಿ ಕುಡಿಯುವ ನೀರು, ನೆರಳು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ವಿಧಿಸಿತ್ತು. ಯಾವ ಯೋಜನೆಯ ಕಾಮಗಾರಿಯಾದರೂ ಈ ಮೂರನ್ನು ಕೇಳಿ ಪಡೆಯಬೇಕು. ಪೆಟ್ಟಿಗೆಯಲ್ಲಿ ಒಂದು ಗ್ಲೂಕೋಸ್ ಪೊಟ್ಟಣ ಇರಲೆಂದು ಮೇಸ್ತ್ರಿಗೆ ಹೇಳಬೇಕು.

ಕೆಲಸ ಬದಲಾಯಿಸಬೇಕಾದಾಗ

ಕಣ್ಣು ಅಥವಾ ಪಾದದ ತೊಂದರೆಯಿಂದ ಹಳೆಯ ಕೆಲಸ ಬಿಡಬೇಕಾದವರು ಎದೆಗುಂದಬಾರದು. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹಾಗೂ ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುತ್ತಿರುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಊಟ ವಸತಿಯೊಡನೆ ಉಚಿತ ತರಬೇತಿ ದೊರೆಯುತ್ತದೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಅಣಬೆ ಬೇಸಾಯ, ಕಸಿ ಕಟ್ಟುವಿಕೆ, ಜೇನು ಸಾಕಣೆ, ಕೋಳಿ ಸಾಕಣೆಗಳ ತರಬೇತಿಗಳು ನಡೆಯುತ್ತವೆ. ಕೆಲಸ ಕೈತಪ್ಪಿದ ಮೇಲೆ ಹುಡುಕುವುದಕ್ಕಿಂತ, ಕೈಯಲ್ಲಿ ಕೆಲಸವಿರುವಾಗಲೇ ಎರಡನೆಯ ಕಸುಬೊಂದನ್ನು ಕಲಿತಿರುವುದು ಜಾಣತನ.

ಆಳು ಕರೆಯುವ ರೈತರಿಗೆ ಮತ್ತು ವಿಸ್ತರಣಾ ಕಾರ್ಯಕರ್ತರಿಗೆ

ವರ್ಷಗಳಿಂದ ನಿಮ್ಮ ಹೊಲದ ಹದ ಬಲ್ಲ ಆಳನ್ನು ಸಕ್ಕರೆ ಕಾಯಿಲೆಯೆಂಬ ಒಂದೇ ಕಾರಣಕ್ಕೆ ಬಿಡುವುದು ನಿಮಗೇ ನಷ್ಟ. ಊಟದ ಹೊತ್ತು ತಪ್ಪಿಸದಿರುವುದು, ಪಂಪ್‌ಹೌಸಿನಲ್ಲಿ ಒಂದು ಡಬ್ಬಿ ಸಕ್ಕರೆ ಇಡುವುದು, ಒಬ್ಬರನ್ನೇ ದೂರದ ಕೆಲಸಕ್ಕೆ ಕಳುಹಿಸದಿರುವುದು, ಇಷ್ಟೇ ನೀವು ಮಾಡಬೇಕಾದ ಉಪಕಾರ. ತೊದಲುವವನನ್ನು ಕುಡುಕನೆನ್ನುವ ಮೊದಲು ಸಕ್ಕರೆ ನೀರು ಕೊಟ್ಟು ಕಾಲು ಗಂಟೆ ನೋಡಿ.

ವಿಸ್ತರಣಾ ಕಾರ್ಯಕರ್ತರು ಕ್ಷೇತ್ರೋತ್ಸವ, ತರಬೇತಿಗಳ ದಿನ ಊಟ ತಡವಾಗದಂತೆ ನೋಡಿಕೊಳ್ಳಬೇಕು. 30 ವರ್ಷ ಮೇಲ್ಪಟ್ಟವರಿಗೆ ಹತ್ತಿರದ ಆರೋಗ್ಯ ಉಪಕೇಂದ್ರಗಳಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ಉಂಟೆಂದು ಸಭೆಗಳಲ್ಲಿ ತಿಳಿಸಬೇಕು. ಆಶಾ ಕಾರ್ಯಕರ್ತೆಯರನ್ನು ಜೊತೆಗೆ ಕರೆದುಕೊಂಡರೆ ಇನ್ನೂ ಒಳ್ಳೆಯದು. ಸಿಂಪರಣೆಯ ಪ್ರಾತ್ಯಕ್ಷಿಕೆಯಲ್ಲಿ ವಿಷಬಾಧೆಯ ಲಕ್ಷಣಗಳ ಜೊತೆಗೆ ಸಕ್ಕರೆ ಇಳಿತದ ಲಕ್ಷಣಗಳನ್ನೂ ಹೇಳಿಕೊಡಬೇಕು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಿದೆ. ಸಕ್ಕರೆ ಕಾಯಿಲೆಯ ಕೆಲಸಗಾರನಿಗೆ ಇದರ ಎರಡು ಭಾಗಗಳೂ ಬೇಕು. ಹೊತ್ತಿಗೆ ಸರಿಯಾಗಿ ಹದವರಿತು ಉಂಡು, ಹೇಳಬೇಕಾದವರಿಗೆ ಹೇಳಬೇಕಾದಷ್ಟನ್ನು ಹೇಳಿಟ್ಟರೆ, ಕಾಯಿಲೆ ಹತೋಟಿಯಲ್ಲಿರುತ್ತದೆ, ಕೂಲಿಯೂ ಉಳಿಯುತ್ತದೆ.